ಹೊಲಗಾಳಿ

ಚೆನ್ನೈ
೧೪ ಜೂನ್ ೨೦೦೧

ಲೇ ಬಾಲರಾಜು,

ತಲುಪಿದೆ. ನನಗೂ ನನ್ನ ಬೇಸ್ ಗಿಟಾರಿಗೂ ಸೇರಿ ಒಂದೇ ಚಾಪೆ ಸಿಕ್ಕಿದೆ. ಗೋಡೆ ಕಡೆ ಅದು, ಬಾಗಿಲ ಕಡೆ ನಾನು. ವಡಪಳನಿಯಲ್ಲಿ ರಸೂಲ್ ಚಾಚಾ ಅವರ ಸ್ಕೂಟರ್ ರಿಪೇರಿ ಅಂಗಡಿಯ ಮೇಲಿನ ಕೋಣೆ ಇದು. ಕೋಣೆಯಲ್ಲಿ ಫೋನಿಲ್ಲ, ಕೆಳಗಿನ ಫೋನಿಗೆ ಬೀಗ. ಹಾಗಾಗಿ ಕಾಗದವೇ ಗತಿ.

ನೀನು ಚನ್ನಪಟ್ಟಣದ ಕಡೆ ಹೋದರೆ ನಮ್ಮ ಅಬ್ಬಾನನ್ನು ನೋಡಿ ಬಾ. ಹುಡುಗ ಹೊತ್ತು ಹೊತ್ತಿಗೆ ಉಣ್ಣುತ್ತಿದ್ದಾನೆ, ಕೆಲಸ ಸಿಕ್ಕಿದೆ ಎಂದು ಹೇಳು. ಎರಡೂ ಸುಳ್ಳು. ದಿನವೂ ರೆಕಾರ್ಡಿಂಗ್ ಸ್ಟುಡಿಯೋಗಳ ಗೇಟಿಗೆ ಹೋಗಿ ನಿಲ್ಲುತ್ತೇನೆ. ನನ್ನ ಹಾಗೆ ಪಿಟೀಲು, ಕೊಳಲು, ತಬಲ ಹಿಡಿದವರು ಬೇಕಾದಷ್ಟು ಜನ ಇದ್ದಾರೆ. ಕಾರು ಬಂದರೆ ಎಲ್ಲರೂ ಎದ್ದು ನಿಲ್ಲುತ್ತೇವೆ. ಕಾರು ಒಳಗೆ ಹೋಗುತ್ತದೆ. ನಾವು ಕೂರುತ್ತೇವೆ.

ಅಬ್ಬಾಗೆ ನನ್ನ ಮೇಲೆ ಇನ್ನೂ ಕೋಪವಿದೆ. ಮೂರು ತಲೆಮಾರಿನಿಂದ ಗೊಂಬೆ ಮಾಡಿಕೊಂಡು ಬಂದ ಮನೆಯಲ್ಲಿ ಲೇತ್ ಬಿಟ್ಟು ತಂತಿ ಹಿಡಿದವನು ನಾನೊಬ್ಬನೇ.

ಚನ್ನಪಟ್ಟಣದ ಸ್ಟೇಷನ್ನಿನಲ್ಲಿ ಹೇಳಿದ್ದನ್ನು ಇಲ್ಲಿ ಬರೆದೂ ಬಿಡುತ್ತೇನೆ, ಆಮೇಲೆ ನೀನು ತಮಾಷೆ ಅನ್ನಬಾರದು. ಬೇರೆಯವರ ಹಾಡಿಗೆ ನುಡಿಸುವುದು ಹೊಟ್ಟೆಗೆ. ನನ್ನದೇ ಎಂದು ಒಂದು ಹಾಡು ಮಾಡುವ ದಿನ ಬಂದರೆ ಮೈಕಿನ ಮುಂದೆ ನೀನೇ ನಿಲ್ಲಬೇಕು. ನಿನ್ನಂಥ ಗಂಟಲು ಈ ಊರಿನ ಗೇಟುಗಳಲ್ಲೂ ನನಗೆ ಇನ್ನೂ ಕೇಳಿಸಿಲ್ಲ.

ನಿನ್ನ
ಮುಜಾಮಿಲ್


ಹಾರೋಹಳ್ಳಿ
೨ ಸೆಪ್ಟೆಂಬರ್ ೨೦೦೧

ಮುಜ್ಜು,

ನಿನ್ನ ಕಾಗದವನ್ನು ಲತಾಮಣಿಗೂ ಓದಿ ಹೇಳಿದೆ. ಚಾಪೆಯ ವಿಷಯ ಕೇಳಿ ನಕ್ಕಳು. ಲತಾಮಣಿ ಯಾರು ಅಂತೀಯಾ? ಗುಡೇಮಾರನಹಳ್ಳಿಯ ಹುಡುಗಿ. ಶ್ರಾವಣದಲ್ಲಿ ಮದುವೆಯಾಯಿತು. ನೀನಿಲ್ಲದ ಮದುವೆಗೆ ವಾಲಗದವರನ್ನೇ ಕರೆಸಿದೆ, ಆರ್ಕೆಸ್ಟ್ರಾ ಬೇಡ ಅಂದೆ.

ಆರ್ಕೆಸ್ಟ್ರಾ ಅಂದರೂ ಕರೆಯುವುದಕ್ಕೆ ಯಾರಿದ್ದರು? ಮುನಿಶಾಮಯ್ಯನವರು ನಮ್ಮ ಆರ್ಕೆಸ್ಟ್ರಾ ಮುಚ್ಚಿದರು. ಈಗ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುತ್ತಾರೆ. ಮೊನ್ನೆ ಕನಕಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, "ನಿನ್ ಸ್ನೇಹಿತ ಮದ್ರಾಸ್‌ನಾಗೆ ಆದ್ರೂ ಗಿಟಾರ್‌ಗೆ ಇನ್ನೆರಡು ತಂತಿ ಕಟ್ಟುಸ್ಕೊಂಡ್ನೇನ್ಲಾ?" ಅಂದರು. ಬೇಸ್ ಗಿಟಾರಿಗೆ ಇರುವುದೇ ನಾಲ್ಕು ತಂತಿ ಎಂದು ಅವರಿಗೆ ಇಷ್ಟು ವರ್ಷವಾದರೂ ನಂಬಿಕೆ ಬಂದಿಲ್ಲ. ಕಬ್ಬಾಳಿನ ಪ್ರೋಗ್ರಾಮಿನಲ್ಲಿ ನಿನ್ನನ್ನು ಸ್ಟೇಜಿನ ಹಿಂದೆ, ಜನರೇಟರ್ ಪಕ್ಕದಲ್ಲಿ ಕೂರಿಸಿದ್ದರಲ್ಲ, ಮುರಿದ ಗಿಟಾರ್ ಜನಕ್ಕೆ ಕಾಣಬಾರದು ಅಂತ. ನೆನಪಿಗೆ ಬಂದಾಗಲೆಲ್ಲ ಒಬ್ಬನೇ ನಗುತ್ತೇನೆ.

ನನಗೂ ಕೆಲಸ ಸಿಕ್ಕಿತು. ನಮ್ಮ ರಾಗಿ ಹೊಲ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಯಿತಲ್ಲ, ಅಲ್ಲೇ ಎದ್ದ ಕಾರ್ಖಾನೆಯಲ್ಲಿ. ತಗಡು ಒತ್ತಿ ಮೋಟಾರಿನ ಭಾಗ ಮಾಡುವ ಪ್ರೆಸ್ ಸೆಕ್ಷನ್. ಸಾಲಾಗಿ ಪ್ರೆಸ್ಸುಗಳು, ಇಡೀ ಶಿಫ್ಟು ಧಡ್ ಧಡ್ ಎನ್ನುತ್ತವೆ. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಅನ್ನುತ್ತಾರೆ. ನಾನು ಇಡುವುದಿಲ್ಲ, ಹತ್ತಿ ಇಟ್ಟರೆ ನನ್ನ ಹಾಡು ನನಗೆ ಕೇಳುವುದಿಲ್ಲ. ಪ್ರೆಸ್ಸಿನ ಏಟನ್ನೇ ತಾಳ ಮಾಡಿಕೊಂಡು ಗಂಟಲು ಬಿಟ್ಟು ಹಾಡುತ್ತೇನೆ. ಪಕ್ಕದವನಿಗೂ ಕೇಳದ ಕಾರಣ ಯಾರ ತಕರಾರೂ ಇಲ್ಲ. ಶಿಫ್ಟ್ ಮುಗಿದ ಮೇಲೂ ಕಿವಿಯೊಳಗೆ ಯಾರೋ ಸಣ್ಣಗೆ ಸಿಳ್ಳೆ ಹೊಡೆಯುತ್ತಿರುತ್ತಾರೆ, ಊಟ ಮಾಡಿ ಮಲಗಿದರೆ ಹೋಗುತ್ತದೆ.

ನೀನು ಕರೆದ ದಿನ ಬರುತ್ತೇನೆ. ಅಲ್ಲಿಯವರೆಗೆ ಸಾಧನೆ ಬಿಡುವುದಿಲ್ಲ.

ಬಾಲರಾಜು


ಚೆನ್ನೈ
೨೦ ನವೆಂಬರ್ ೨೦೦೨

ಬಾಲು,

ಗೇಟಿನ ಒಳಗೆ ಹೋದೆ.

ದೊಡ್ಡ ಸಂಗೀತ ನಿರ್ದೇಶಕರೊಬ್ಬರ ರೆಕಾರ್ಡಿಂಗು. ಅವರ ಕಾಯಂ ಬೇಸ್ ವಾದಕರಿಗೆ ಜ್ವರ. ಮ್ಯಾನೇಜರ್ ಹೊರಗೆ ಬಂದು ನನ್ನ ಕಡೆ ಕೈ ತೋರಿಸಿ "ಅಂದ ಬೆಂಗಳೂರು ಪೈಯನ್", ಆ ಬೆಂಗಳೂರು ಹುಡುಗ, ಎಂದು ಕರೆದ. ಚನ್ನಪಟ್ಟಣ ಎಂದು ತಿದ್ದುವ ಧೈರ್ಯ ಸಾಲಲಿಲ್ಲ.

ಮೊದಲ ಸಲ ನುಡಿಸಿದಾಗ ಭಯಕ್ಕೆ ನನಗೆ ಗೊತ್ತಿದ್ದದ್ದನ್ನೆಲ್ಲ ತುರುಕಿದೆ. ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು. ಬೈದಿದ್ದರೆ ವಾಸಿಯಿತ್ತು. ಆಗ ಅಬ್ಬಾನ ಲೇತ್ ನೆನಪಾಯಿತು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಕೂರಿಸುತ್ತಾರಲ್ಲ, ಅಲ್ಲಿ ಕೈ ಆತುರಪಟ್ಟರೆ ಬಣ್ಣ ಪಟ್ಟೆ ಪಟ್ಟೆಯಾಗುತ್ತದೆ. ಸುಮ್ಮನೆ ಹದವಾಗಿ ಒತ್ತಿ ಹಿಡಿದರೆ ಮರವೇ ಬಣ್ಣ ಎಳೆದುಕೊಳ್ಳುತ್ತದೆ. ಎರಡನೆಯ ಸಲ ಹಾಗೆ ನುಡಿಸಿದೆ. ಅರ್ಧಕ್ಕರ್ಧ ಸ್ವರ ಬಿಟ್ಟುಬಿಟ್ಟೆ. ಉಳಿದದ್ದನ್ನು ಒತ್ತಿ ಹಿಡಿದೆ. ನಿರ್ದೇಶಕರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. ನಾಳೆಯೂ ಬಾ ಎಂದರು.

ಜ್ವರ ಬಂದವರು ವಾಪಸ್ ಬಂದಿದ್ದಾರೆ. ನನ್ನನ್ನೂ ಬಿಟ್ಟಿಲ್ಲ.

ಹಾಡಿನ ಕ್ಯಾಸೆಟ್ ಇದರ ಜೊತೆಗಿದೆ. ಮೂರನೆಯದು ನನ್ನದು. ಇಲ್ಲಿ ಎಲ್ಲರೂ ಎಲ್ಲರನ್ನೂ ಹೊಗಳುತ್ತಾರೆ, ನನಗೆ ನಂಬಿಕೆಯಿಲ್ಲ. ನಿನ್ನ ಕಿವಿ ಹೇಳಿದ್ದೇ ನನಗೆ ತೀರ್ಪು. ಕ್ಯಾಸೆಟ್ ತಿರುಗಿಸಿ ತಿರುಗಿಸಿ ಸಾಹಿತ್ಯ ಬರೆದುಕೊಳ್ಳುವಾಗ ಒಂದಕ್ಷರವನ್ನೂ ತಪ್ಪದವನು ನಮ್ಮ ಆರ್ಕೆಸ್ಟ್ರಾದಲ್ಲಿ ನೀನೊಬ್ಬನೇ ಇದ್ದದ್ದು.

ಮುಜಾಮಿಲ್


ಹಾರೋಹಳ್ಳಿ
೫ ಜನವರಿ ೨೦೦೩

ಮುಜ್ಜು,

ಕೇಳಿದೆ ಕಣೋ. ಮೊದಲು ಒಬ್ಬನೇ ಕೇಳಿದೆ, ಆಮೇಲೆ ಲತಾಮಣಿಯನ್ನು ಕೂರಿಸಿಕೊಂಡು ಕೇಳಿದೆ. ಚರಣಕ್ಕೆ ಮುಂಚೆ ಕೊಳಲು ಇಳಿಯುತ್ತದಲ್ಲ, ಅಲ್ಲಿ ನೀನು ಒಂದೇ ಒಂದು ಸ್ವರ ಹಿಡಿದು ನಿಲ್ಲುತ್ತೀಯ. ಕೊಳಲು ಕೆಳಗೆ ಬಂದು ನಿನ್ನ ಮೇಲೆ ಕೂರುತ್ತದೆ. ಅಷ್ಟೊತ್ತು ಸುಮ್ಮನೆ ನಿಲ್ಲುವುದಕ್ಕೆ ಎದೆಗಾರಿಕೆ ಬೇಕು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ಬೆರಳು ಓಡಿಸಿ ಜಂಬ ತೋರಿಸುತ್ತಿದ್ದರು. ನನ್ನ ಸ್ನೇಹಿತ ಅಂತ ಹೇಳುತ್ತಿಲ್ಲ, ನೀನು ದೊಡ್ಡ ಕಲಾವಿದ.

ಭಾನುವಾರ ಟೇಪ್ ರೆಕಾರ್ಡರ್ ಕಂಕುಳಲ್ಲಿಟ್ಟುಕೊಂಡು ಚನ್ನಪಟ್ಟಣಕ್ಕೆ ಹೋದೆ. ನಿಮ್ಮ ಅಬ್ಬಾ ತಾಜ್ ಪಾಷಾ ಅವರು ಲೇತ್ ನಿಲ್ಲಿಸಲಿಲ್ಲ. "ಹಾಕ್ರಿ, ಕೇಳ್ತೀನಿ" ಅಂದರು. ಹಾಡು ಮುಗಿಯಿತು. "ಚೆನ್ನಾಗೈತೆ. ಇದ್ರಾಗೆ ನಮ್ ಬೇಟಾ ಎಲ್ಲವ್ನೆ?" ಅಂದರು. ದಪ್ಪಗೆ ಬರುತ್ತಲ್ಲ ಅದು ಅಂದೆ. "ಅದು ಡೋಲಕ್ ಅಲ್ವಾ?" ಅಂದರು. ಹೇಗೆ ತಿಳಿಸುವುದು? ಟೇಪಿನಲ್ಲಿ ಬೇಸ್ ಕಡಿಮೆ ಮಾಡುವ ಗುಬುಟು ಇತ್ತು, ಪೂರ್ತಿ ತಿರುಗಿಸಿ ಅದೇ ಹಾಡು ಹಾಕಿದೆ. ಹಾಡು ತಗಡಿನ ಡಬ್ಬಿಯೊಳಗೆ ಹೋಗಿಬಿಟ್ಟಿತು. "ಇದು ನಿಮ್ ಮಗ ಇಲ್ದೆ ಇರೋದು" ಅಂದೆ. ಮತ್ತೆ ಗುಬುಟು ತಿರುಗಿಸಿ, "ಈಗ ಬಂದ ನೋಡಿ" ಅಂದೆ. ಆಗ ಲೇತ್ ನಿಲ್ಲಿಸಿದರು. ಆ ಗುಬುಟನ್ನು ತಾವೇ ಅತ್ತ ಇತ್ತ ತಿರುಗಿಸುತ್ತ ಬಹಳ ಹೊತ್ತು ಕೂತರು. ಮಗನನ್ನು ಕಳಿಸುವುದು, ಕರೆಸಿಕೊಳ್ಳುವುದು, ಅದೇ ಕೆಲಸ.

ಟೀ ಕುಡಿಸಿ ಕಳಿಸಿದರು. ಕೋಪ ಇಳಿದಿದೆ ಅಂತ ನನ್ನ ಲೆಕ್ಕ.

ಬಾಲರಾಜು


ಚೆನ್ನೈ
೧೧ ಮಾರ್ಚ್ ೨೦೦೫

ಬಾಲು,

ತಡವಾಯಿತು, ಬೈಯಬೇಡ. ಬೆಳಿಗ್ಗೆ ತಮಿಳು, ಮಧ್ಯಾಹ್ನ ತೆಲುಗು, ಸಂಜೆ ಜಾಹೀರಾತು. ಯಾವ ಹಾಡು ಯಾವ ಸಿನಿಮಾದ್ದು ಎಂದು ನನಗೇ ತಿಳಿಯುವುದಿಲ್ಲ. ಹೋಟೆಲಿನಲ್ಲಿ ತಿನ್ನುತ್ತಿರುವಾಗ ರೇಡಿಯೋದಲ್ಲಿ ನನ್ನ ಬೇಸ್ ಬರುತ್ತದೆ, ಇಡ್ಲಿ ಕೈಯಲ್ಲೇ ಇರುತ್ತದೆ. ಸಪ್ಲೈಯರಿಗೆ ಹೇಳಬೇಕು ಅನಿಸುತ್ತದೆ. ಹೇಳುವುದಿಲ್ಲ.

ಮೊದಲ ಸಲ ಸಿ.ಡಿ.ಯ ಹಿಂದೆ ನನ್ನ ಹೆಸರು ಅಚ್ಚಾಗಿದೆ. ವಾದ್ಯಕ್ಕೂ ಹೆಸರಿಗೂ ನಡುವಿನ ಚುಕ್ಕಿ ಬಿಟ್ಟುಹೋಗಿ "ಬೇಸ್ ಮುಜಾಮಿಲ್" ಎಂದಾಗಿದೆ. ಈಗ ಎಲ್ಲರೂ ಹಾಗೇ ಕರೆಯುತ್ತಾರೆ, ಅದೇ ನನ್ನ ಮನೆತನದ ಹೆಸರು ಅನ್ನುವ ಹಾಗೆ.

ಮೊಬೈಲ್ ತೆಗೆದುಕೊಂಡೆ. ನಂಬರು ಕವರಿನ ಹಿಂದೆ ಬರೆದಿದ್ದೇನೆ. ನಿನಗೂ ಒಂದು ಕಳಿಸಲೇ? ಎಷ್ಟು ವರ್ಷವಾಯಿತು ನಿನ್ನ ದನಿ ಕೇಳಿ. ಫೋನಿನಲ್ಲಿ ಎರಡು ಸಾಲು ಹಾಡಿದರೂ ಸಾಕು.

ಹೊಸ ಸಿ.ಡಿ. ಇಟ್ಟಿದ್ದೇನೆ. ಎರಡನೆಯ ಹಾಡು ಕೇಳಿ ತೀರ್ಪು ಕೊಡು.

ಮುಜಾಮಿಲ್


ಹಾರೋಹಳ್ಳಿ
೨೯ ಮೇ ೨೦೦೫

ಮುಜ್ಜು,

ಮೊಬೈಲು ಕಳಿಸಬೇಡ. ಅದರಲ್ಲಿ ಆಡಿದ ಮಾತು ಅಲ್ಲೇ ಹೋಗುತ್ತದೆ. ಕಾಗದ ಆದರೆ ಇನ್ನೊಂದು ಸಲ ಓದಬಹುದು. ಕಾರ್ಖಾನೆಯಲ್ಲಿ ಎಲ್ಲರೂ ಅದನ್ನು ಕಿವಿಗೆ ಒತ್ತಿಕೊಂಡು ಒಬ್ಬೊಬ್ಬರೇ ಹುಚ್ಚರ ಹಾಗೆ ಕೈ ಆಡಿಸುತ್ತಿರುತ್ತಾರೆ. ನನಗೆ ಅದು ಬೇಡ.

ನಿನ್ನ ಎರಡನೆಯ ಹಾಡು ಕೇಳಿದೆ. ನೀನಂತೂ ಅದ್ಭುತ. ಪಲ್ಲವಿಗೆ ಬರುವ ದಾರಿಯಲ್ಲಿ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತೀಯಲ್ಲ, ಎದೆ ಜುಮ್ ಅಂದಿತು. ಬೇರೆಯವರದು ನನಗೆ ಅಷ್ಟು ಹಿಡಿಸಲಿಲ್ಲ. ಕೊಳಲು ಯಾಕೆ ಬಿಟ್ಟರು? ಈ ರಾಗಕ್ಕೆ ಕೊಳಲು ಇದ್ದಿದ್ದರೆ ಚೆನ್ನಾಗಿತ್ತು. ಹಾಡಿದ ಹುಡುಗಿ ಮಾತನ್ನೆಲ್ಲ ನುಂಗುತ್ತಾಳೆ. ಈಗಿನ ಹಾಡುಗಾರರಿಗೆ ಬಾಯಿ ಬಿಡಲು ಸೋಮಾರಿತನ. ಇಡೀ ಹಾಡಿನಲ್ಲಿ ನಿನ್ನನ್ನು ಬಿಟ್ಟರೆ ನನಗೆ ಏನೂ ಸಿಗಲಿಲ್ಲ.

ಮನೆಯಲ್ಲಿ ದಿನಾ ಒಂದು ಜಗಳ. ನಿನ್ನೆ ಲತಾಮಣಿ ನೀರಿಗೆ ಹೋಗುವಾಗ ಕುಕ್ಕರ್ ನೋಡಿಕೊಳ್ಳಿ ಅಂದಿದ್ದಳಂತೆ. ನಾನು ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದೆ. ಬಂದು ನೋಡಿದರೆ ಅನ್ನ ಸೀದು ಹೊಗೆ. "ಅಷ್ಟು ಕೂಗ್ತೈತಲ್ಲ, ಕಿವಿ ಎಲ್ಲಿಟ್ಟಿದ್ರಿ?" ಅಂದಳು. ನಿನ್ನ ಹಾಡು ಯೋಚಿಸುತ್ತಿದ್ದೆ ಅಂದೆ. ತಪ್ಪೆಲ್ಲ ನಿನ್ನ ಮೇಲೆ ಹಾಕಿ ಪಾರಾದೆ.

ಬಾಲರಾಜು


ಚೆನ್ನೈ
೧೭ ಆಗಸ್ಟ್ ೨೦೦೬

ಬಾಲರಾಜು,

ನಿನ್ನ ಹೋದ ವರ್ಷದ ಕಾಗದದಲ್ಲೂ ಈ ಸಲದ್ದರಲ್ಲೂ ಒಂದೇ ಮಾತು. ನೀನು ಚೆನ್ನಾಗಿದ್ದೀಯ, ಬೇರೆ ಯಾರೂ ಚೆನ್ನಾಗಿಲ್ಲ. ಹೀಗೆ ಹೊಗಳುವವರು ಇಲ್ಲಿ ಬೀದಿಗೆ ಹತ್ತು ಜನ ಇದ್ದಾರೆ. ನಿನ್ನಿಂದ ನಾನು ಕೇಳಿದ್ದು ಇದಲ್ಲ. ಹೋದ ವರ್ಷದ ಆ ಎರಡನೆಯ ಹಾಡಿನ ತುಂಬ ಕೊಳಲೇ ಇದೆ. ನುಡಿಸಿದವರು ನನಗೆ ತಂದೆಯ ಸಮಾನ. ಕೊಳಲು ಎಲ್ಲಿ ಎಂದು ನೀನು ಕೊಂಕು ಆಡಿದ್ದು ನನಗೆ ಸರಿ ಕಾಣಲಿಲ್ಲ. ನಿನ್ನನ್ನು ಇನ್ನೂ ಹಾಡಲು ಕರೆದಿಲ್ಲ ಎಂದು ಕೋಪವೇ? ಇದ್ದರೆ ನೇರವಾಗಿ ಬೈದುಬಿಡು.

ಅಥವಾ ನನ್ನ ಬೇಸ್ ಜಾಸ್ತಿಯಾಗಿ ಬೇರೆಯವರನ್ನು ಮುಚ್ಚಿಹಾಕುತ್ತಿದೆ ಎಂದು ನಾಜೂಕಾಗಿ ಹೇಳುತ್ತಿದ್ದೀಯಾ? ಅದೂ ಯೋಚಿಸಿದೆ. ಈ ಸಲದ ಸಿ.ಡಿ.ಯಲ್ಲಿ ಮಿಕ್ಸಿಂಗ್ ನನ್ನ ಕೈಗೇ ಕೊಟ್ಟಿದ್ದರು. ನನ್ನನ್ನು ನಾನೇ ಹಿಂದೆ ಕೂರಿಸಿಕೊಂಡಿದ್ದೇನೆ. ಬೇಸ್ ಇದೆಯೋ ಇಲ್ಲವೋ ಅನ್ನುವಷ್ಟು. ಬೇರೆಯವರು ಎಷ್ಟು ಚೆನ್ನಾಗಿದ್ದಾರೆ ಕೇಳಿ ಬರೆ.

ಮುಜಾಮಿಲ್


ಹಾರೋಹಳ್ಳಿ
೩ ಡಿಸೆಂಬರ್ ೨೦೦೬

ಮುಜಾಮಿಲ್,

ಸಿ.ಡಿ. ತಲುಪಿತು. ಹಾಕಿದೆ. ಎಲ್ಲರೂ ಚೆನ್ನಾಗಿ ನುಡಿಸಿದ್ದಾರೆ.

ನನಗೆ ನಿನ್ನ ಮೇಲೆ ಕೋಪವಿಲ್ಲ. ಎರಡು ಪಾಳಿ ಕೆಲಸ, ಬರೆಯಲು ಬಿಡುವಾಗುವುದಿಲ್ಲ. ನಿನ್ನ ಕೆಲಸ ಹೀಗೇ ಮೇಲೆ ಬರಲಿ.

ಬಾಲರಾಜು


ಚೆನ್ನೈ
೬ ಅಕ್ಟೋಬರ್ ೨೦೦೮

ಲೇ ಬಾಲು,

ಇಷ್ಟು ದಿನ ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಊರಿಗೆ ಬಂದಾಗ ಎರಡು ಸಲ ಹಾರೋಹಳ್ಳಿಯ ಬಸ್ಸು ಹತ್ತಬೇಕು ಅಂದುಕೊಂಡು ಚನ್ನಪಟ್ಟಣದಿಂದಲೇ ವಾಪಸಾದೆ. ನಿನ್ನ ಮೂರು ಸಾಲಿನ ಕಾಗದ ನನಗೆ ಚೆನ್ನಾಗಿ ಚುಚ್ಚಿತ್ತು. ಇರಲಿ ಬಿಡು.

ಸ್ಟೇಷನ್ನಿನಲ್ಲಿ ಆಡಿದ ಮಾತಿನ ದಿನ ಬಂದಿದೆ. ಕನ್ನಡದಲ್ಲಿ ನನ್ನದೇ ಒಂದು ಆಲ್ಬಂ. ಬೆಂಗಳೂರಿನ ಕಂಪನಿಯೊಂದು ಮುಂದೆ ಬಂದಿದೆ. ನಾನು ಅದರ ಪ್ರೊಡ್ಯೂಸರ್. ಇದನ್ನು ಅಬ್ಬಾಗೆ ಹೇಳಿದ್ದೇ ತಪ್ಪಾಯಿತು. ನಮ್ಮ ಕಡೆ ಪ್ರೊಡ್ಯೂಸರ್ ಅಂದರೆ ದುಡ್ಡು ಹಾಕುವವನು ತಾನೆ? ಗೊಂಬೆ ಬೀದಿಯಲ್ಲಿ ಮಗ ಸಾಹುಕಾರನಾದ ಎಂದು ಸುದ್ದಿಯಾಗಿ, ಮುನ್ನೀ ಖಾಲಾ ತಮ್ಮ ಅಳಿಯನಿಗೆ ಹೀರೋ ಪಾರ್ಟು ಕೇಳಿದ್ದಾರೆ. ದುಡ್ಡು ಕಂಪನಿಯದು. ಯಾರು ಎಲ್ಲಿ ನುಡಿಸಬೇಕು, ಯಾರು ಎಲ್ಲಿ ಸುಮ್ಮನಿರಬೇಕು ಎಂದು ಹೇಳುವವನು ನಾನು. ಅಷ್ಟೇ.

ಮೊದಲ ಹಾಡು ನಿನ್ನದು. ಕಂಪನಿಯವರು ಹೆಸರು ಮಾಡಿದ ಗಾಯಕರನ್ನು ಕರೆಸು ಅನ್ನುತ್ತಿದ್ದಾರೆ. ಬಾಲರಾಜು ಹಾಡದಿದ್ದರೆ ಈ ಹಾಡೇ ಇಲ್ಲ ಎಂದಿದ್ದೇನೆ. ಸಂಕ್ರಾಂತಿವರೆಗೆ ಗಡುವು ಕೊಟ್ಟಿದ್ದಾರೆ. ಸುಮ್ಮನೆ ನೀನು ಕಲಿಯಲೆಂದು ಒಬ್ಬ ಹುಡುಗಿಯ ಕೈಲಿ ಹಾಡಿಸಿ ಸಿ.ಡಿ. ಮಾಡಿ ಕಳಿಸುತ್ತಿದ್ದೇನೆ. ಇದರಲ್ಲಿ ಬೇಸ್ ಹಿಂದೆ ಕೂತಿಲ್ಲ, ಹಾಡು ಕಟ್ಟಿರುವುದೇ ಅದರ ಮೇಲೆ. ಸಾಹಿತ್ಯ ಬರೆದು ಕಳಿಸುವುದಿಲ್ಲ. ನೀನು ಕೇಳಿಯೇ ಬರೆದುಕೊಳ್ಳುವವನು, ಬರೆದು ಕಳಿಸಿದರೆ ನಿನಗೆ ಅವಮಾನ.

ಬೇಗ ಬರೆ. ನಿನ್ನ ಮನೆಗೆ ಫೋನು ಮಾಡುವ ಹಾಗಿದ್ದರೆ ಈ ಕ್ಷಣ ಮಾಡುತ್ತಿದ್ದೆ.

ಮುಜಾಮಿಲ್


ಹಾರೋಹಳ್ಳಿ
೯ ನವೆಂಬರ್ ೨೦೦೮

ಮುಜ್ಜು,

ನಿನ್ನ ಕಾಗದ ಓದಿ ಖುಷಿಗೆ ಏನು ಮಾಡಬೇಕೋ ತಿಳಿಯದೆ ಲತಾಮಣಿಗೆ ಪಾತ್ರೆ ತೊಳೆದುಕೊಟ್ಟೆ. ಪ್ರೊಡ್ಯೂಸರ್ ಬೇಸ್ ಮುಜಾಮಿಲ್. ಮುನಿಶಾಮಯ್ಯನವರನ್ನು ಹುಡುಕಿಕೊಂಡು ಹೋಗಿ ಹೇಳಿ ಬಂದೆ. ನಿನ್ನನ್ನು ಜನರೇಟರ್ ಪಕ್ಕ ಕೂರಿಸಿದವರು, "ನಾನೇ ಕಣ್ಲಾ ಅವನ್ನ ಬೆಳ್ಸಿದ್ದು" ಅಂದರು. ನಾನು ಜಗಳ ಮಾಡಲಿಲ್ಲ.

ಹಾಡು ದಿನಾ ಹಾಕುತ್ತಿದ್ದೇನೆ. ನಿನ್ನ ಬೇಸ್ ಬಗ್ಗೆ ಬರೆದರೆ ಮತ್ತೆ ಹೊಗಳಿದೆ ಅಂತ ಕೋಪ ಮಾಡಿಕೊಳ್ಳುತ್ತೀಯ, ಆದರೂ ಬರೆಯುತ್ತೇನೆ. ನೀನು ಮೊದಲು ಚೆನ್ನಾಗಿ ನುಡಿಸುತ್ತಿದ್ದೆ. ಈಗ ನುಡಿಸುವುದು ನಿಲ್ಲಿಸಿ ಮಾತಾಡಲು ಶುರು ಮಾಡಿದ್ದೀಯ.

ಆ ಸಾಹಿತ್ಯ ಯಾರು ಬರೆದರೋ? "ಹೊಲಗಾಳಿಯೇ, ಮನೆಯೊಳಗೆ ಬಾ." ಈ ಸಾಲು ಕೇಳಿ ಗೋಡೆ ಕಡೆ ತಿರುಗಿ ಕೂತೆ. ನಮ್ಮ ಹೊಲ ಇದ್ದಾಗ ಸಂಜೆ ಹೊತ್ತು ರಾಗಿ ತೆನೆ ಮೇಲಿಂದ ಗಾಳಿ ಬಂದು ಸೀದಾ ನಮ್ಮ ಅಡುಗೆಮನೆಗೆ ನುಗ್ಗುತ್ತಿತ್ತು. ಅವ್ವ ಬಾಗಿಲು ಹಾಕಲು ಬಿಡುತ್ತಿರಲಿಲ್ಲ. ಈಗ ಅಲ್ಲೇ ನಿಂತು ತಗಡು ಒತ್ತುತ್ತೇನೆ, ಫ್ಯಾನಿನ ಗಾಳಿ, ಎಣ್ಣೆ ವಾಸನೆ. ಹೊಲ ಕೊಟ್ಟಿದ್ದಕ್ಕೆ ನಾನು ಯಾರ ಮುಂದೆಯೂ ಅತ್ತಿಲ್ಲ. ನಿನ್ನ ಹಾಡಿಗೆ ಅದು ಹೇಗೆ ಗೊತ್ತಾಯಿತು? ಹೋದ ಹೊಲವನ್ನು ಬಿಟ್ಟು ಅದರ ಗಾಳಿಯನ್ನು ಮಾತ್ರ ಕರೆಯುವುದು ಯಾರಿಗೆ ಹೊಳೆಯುತ್ತದೆ?

ಇಷ್ಟು ಒಳ್ಳೆಯ ಹಾಡನ್ನು ನಾನು ಕೆಡಿಸಬಾರದು. ನನ್ನ ಗಂಟಲು ಈಗ ಮೊದಲಿನ ಹಾಗಿಲ್ಲ, ಕಾರ್ಖಾನೆಯ ಧೂಳಿಗೆ ಕಟ್ಟಿಕೊಂಡಿದೆ. ಕಂಪನಿಯವರು ಹೇಳಿದ ಗಾಯಕರನ್ನೇ ಕರೆಸು. ಬೇಜಾರು ಮಾಡಿಕೊಳ್ಳಬೇಡ.

ಬಾಲರಾಜು


ಚೆನ್ನೈ
೨೧ ನವೆಂಬರ್ ೨೦೦೮

ನನ್ನ ಬಾಲು,

ನಿನ್ನ ಕಾಗದ ಓದಿ ಮೊದಲು ನಕ್ಕೆ. ಹಾಡಿನಲ್ಲಿ ಹೊಲವೇ ಇಲ್ಲ ಮಾರಾಯ. ಅದು "ಹೊಸ ಗಾಳಿಯೇ, ಮನೆಯೊಳಗೆ ಬಾ."

ಆಮೇಲೆ ನಗು ನಿಂತಿತು. ಒಂದಕ್ಷರ ತಪ್ಪದ ಬಾಲರಾಜು ಮೊದಲ ಪದವನ್ನೇ ತಪ್ಪಿದನೇ? ಸ್ಟುಡಿಯೋಗೆ ಹೋಗಿ ಹಾಡು ಹಾಕಿ, ಮೇಲಿನ ಸಣ್ಣ, ಚೂಪು ದನಿಗಳನ್ನು ಒಂದೊಂದಾಗಿ ಕಡಿಮೆ ಮಾಡುತ್ತ ಬಂದೆ. ಹುಡುಗಿ "ಹೊಸ" ಅನ್ನುವುದು "ಹೊಲ" ಎಂದು ಕೇಳುವವರೆಗೆ ಕಡಿಮೆ ಮಾಡಿದೆ. ಸ ಅನ್ನುವುದು ಬರೀ ಉಸಿರು, ಬೇಗ ಹೋಗಿಬಿಡುತ್ತದೆ. ಅದು ಹೋಗುವಷ್ಟರಲ್ಲಿ ಕೊಳಲೂ ಹೋಗಿತ್ತು. ಗೆಜ್ಜೆ ಹೋಗಿತ್ತು. ಹುಡುಗಿ ಮಾತು ನುಂಗುತ್ತಿದ್ದಳು. ಉಳಿದವನು ನಾನೊಬ್ಬನೇ.

ನಿನ್ನ ಹಳೆಯ ಕಾಗದಗಳನ್ನೆಲ್ಲ ತೆಗೆದು ಓದಿದೆ. ಸಿಳ್ಳೆ. ಕುಕ್ಕರ್. ಬೇಡವಾದ ಮೊಬೈಲು. ಇಷ್ಟು ವರ್ಷ ದನಿಗಳ ಜೊತೆಯೇ ಬದುಕುವ ನನಗೆ ಇದು ತಿಳಿಯಲಿಲ್ಲ. ನಾನು ಬೇಸ್ ತೆಗೆದು ಕಳಿಸಿದ ಆ ಸಿ.ಡಿ. ಹಾಕಿದಾಗ ನಿನಗೆ ಏನು ಕೇಳಿಸಿರಬೇಕು? ಆ ಮೂರು ಸಾಲಿನ ಕಾಗದ ನನ್ನ ಮುಂದಿದೆ. ಇದನ್ನು ಬರೆಯುವಾಗ ನನ್ನ ಕಣ್ಣು ಒದ್ದೆಯಾಗಿದೆ, ಅದನ್ನೂ ಹೇಳಿಬಿಡುತ್ತೇನೆ.

ಇಲ್ಲಿ ಕಿವಿಯ ಡಾಕ್ಟರರನ್ನು ಕೇಳಿದೆ. ಹೋದದ್ದು ಬರುವುದಿಲ್ಲವಂತೆ. ಇರುವುದನ್ನು ಉಳಿಸಿಕೊಳ್ಳಬಹುದಂತೆ. ಪ್ರೆಸ್ ಸೆಕ್ಷನ್ ಬಿಟ್ಟು ಬೇರೆ ಕಡೆ ಹಾಕಿ ಎಂದು ನಾಳೆಯೇ ಕೇಳು. ದಮ್ಮಯ್ಯ ಅಂತೀನಿ.

ಹಾಡು ನೀನೇ ಹಾಡಬೇಕು. ಗಂಟಲು ಕಟ್ಟಿದೆ ಅನ್ನುವುದನ್ನು ನಾನು ನಂಬುವುದಿಲ್ಲ. ರೆಕಾರ್ಡಿಂಗಿನಲ್ಲಿ ನಿನ್ನ ಹೆಡ್‌ಫೋನಿಗೆ ಕೊಳಲು, ತಬಲ ಯಾವುದೂ ಬೇಡ. ನಾನೊಬ್ಬನೇ ಇರುತ್ತೇನೆ. ನನಗೆ ಸರಿಯಾಗಿ ನೀನು ನಿಂತರೆ ಸಾಕು, ಮಿಕ್ಕವರನ್ನು ನಾನು ಆಮೇಲೆ ನಿನಗೆ ಸರಿಯಾಗಿ ಕೂರಿಸುತ್ತೇನೆ.

ಇನ್ನೊಂದು ಮಾತು. ಸಾಹಿತ್ಯ ಬರೆದವರಿಗೆ ನಿನ್ನ ಕಾಗದದ ಆ ಭಾಗ ಓದಿ ಹೇಳಿದೆ. ತಮ್ಮ ಹಾಳೆಯಲ್ಲಿ "ಹೊಸ" ಹೊಡೆದುಹಾಕಿ "ಹೊಲ" ಎಂದು ಬರೆದರು.

ಮುಜಾಮಿಲ್


ಹಾರೋಹಳ್ಳಿ
೮ ಡಿಸೆಂಬರ್ ೨೦೦೮

ಮುಜ್ಜು,

ಲತಾಮಣಿಯನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಹಾಡುವವನಿಗೆ ಕಿವಿ ಇಲ್ಲ ಎಂದು ತಿಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ಅಯ್ಯೋ ಪಾಪ ಅನ್ನುತ್ತಾರೆ. ನನಗೆ ನಗುವುದಕ್ಕಿಂತ ಪಾಪ ಅನ್ನುವುದೇ ಹೆದರಿಕೆ. ವಿಷಯ ತಿಳಿದ ಮೇಲೆ ನೀನು ಎರಡೂ ಮಾಡಲಿಲ್ಲ. ಕೆಲಸ ಹೇಳಿದೆ.

ಪ್ರೆಸ್ ಬಿಟ್ಟು ಸಾಮಾನು ಇಡುವ ಸ್ಟೋರ್ಸ್‌ಗೆ ಹಾಕಿಸಿಕೊಂಡಿದ್ದೇನೆ. ಅಲ್ಲಿ ಸದ್ದಿಲ್ಲ. ಅಪಸ್ವರ ಹಾಡಿದರೆ ನನಗೆ ತಿಳಿಯುವುದಿಲ್ಲ, ನಿನಗೆ ತಿಳಿಯುತ್ತದೆ. ನನ್ನ ಮುಖದ ದಾಕ್ಷಿಣ್ಯ ನೋಡದೆ ಹೇಳಬೇಕು, ಆ ಒಪ್ಪಂದದ ಮೇಲೆ ಬರುತ್ತೇನೆ.

ದಿನ ಗೊತ್ತುಮಾಡು.

ಬಾಲರಾಜು


ಹಾರೋಹಳ್ಳಿ
೧೬ ಆಗಸ್ಟ್ ೨೦೦೯

ಮು.ಜಾ. ಮಿಲ್ ಸಾಹೇಬರಿಗೆ,

ನೀನೀಗ ದೊಡ್ಡವನು, ಅದಕ್ಕೆ ಹೆಸರನ್ನು ಬಿಡಿಸಿ ಬರೆದೆ.

ರೆಕಾರ್ಡಿಂಗ್ ಮುಗಿಸಿ ಬೆಂಗಳೂರಿನಿಂದ ಬಂದ ಮೇಲೆ ಬರೆಯಬೇಕು ಬರೆಯಬೇಕು ಅಂದುಕೊಂಡೇ ತಿಂಗಳುಗಳು ಕಳೆದವು. ಆ ದಿನದ ಬಗ್ಗೆ ಹೇಗೆ ಬರೆಯುವುದೋ ತಿಳಿಯಲಿಲ್ಲ. ಪ್ರೊಡ್ಯೂಸರ್ ಅಂದರೆ ಗಾಜಿನ ಆಚೆ ಕಡೆ ಮೆತ್ತನೆ ಕುರ್ಚಿಯಲ್ಲಿ ಕೂರುವವನು. ನೀನು ಅದನ್ನು ಬಿಟ್ಟು ಒಳಗೆ ಬಂದು ನನ್ನ ಎದುರು ಸ್ಟೂಲ್ ಮೇಲೆ ಕೂತು ನುಡಿಸಿದೆ. ನಾನು ತಪ್ಪಿದಾಗಲೆಲ್ಲ ಒಪ್ಪಂದದ ಪ್ರಕಾರ "ಇಲ್ಲ" ಅಂದೆ. ಕಂಪನಿಯವನು ಗಡಿಯಾರ ನೋಡುತ್ತಿದ್ದ. ನೀನು ಒಂದು ಸಲವೂ ನೋಡಲಿಲ್ಲ. ಲೋಕದಲ್ಲಿ ಬೇಸ್ ಚೆನ್ನಾಗಿ ನುಡಿಸುವವರು ಇರಬಹುದು. ಇನ್ನೊಬ್ಬ ಬೀಳದ ಹಾಗೆ ನುಡಿಸುವವನು ನನಗೆ ಗೊತ್ತಿರುವಂತೆ ನೀನೊಬ್ಬನೇ.

ಸಿ.ಡಿ. ಬಂದಾಗ ಮನೆಯಲ್ಲಿ ಹಾಕಿದೆ. ನನ್ನ ದನಿ ಪಕ್ಕದ ಮನೆಯಿಂದ ಬಂದ ಹಾಗಿತ್ತು. ಸದ್ದು ಇದೆ, ಮಾತಿಲ್ಲ. ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು. ಹೇಳುತ್ತಾರೆ, ಹೇಳದೆ ಏನು ಮಾಡುತ್ತಾರೆ ಅಂದುಕೊಂಡೆ.

ಈಗ ನಿನ್ನೆಯ ವಿಷಯ. ನಾನು, ಲತಾಮಣಿ ಕನಕಪುರಕ್ಕೆ ಹೊರಟೆವು. ಪ್ರೈವೇಟ್ ಬಸ್ಸು, ತುಂಬ ಜನ. ಲತಾಮಣಿಗೆ ಮುಂದೆ ಸೀಟು ಸಿಕ್ಕಿತು, ನಾನು ಕಂಬಿ ಹಿಡಿದು ನಿಂತಿದ್ದೆ. ಬಸ್ಸಿನಲ್ಲಿ ಏನೋ ಹಾಡು ಹಾಕಿದ್ದರು. ಅಂಥ ಕಡೆ ನನಗೆ ಎಲ್ಲ ಹಾಡೂ ಒಂದೇ ಗೊಜಗೊಜ, ಗಮನ ಕೊಡುವುದಿಲ್ಲ. ಆಮೇಲೆ ಕಾಲಿನ ಕೆಳಗಿನಿಂದ ಯಾರೋ ಗುರುತಿನವರು ಬಂದರು. ನೀನು. ಡ್ರೈವರ್ ಹಿಂದೆ ದೊಡ್ಡ ಸ್ಪೀಕರ್ ಇಟ್ಟಿದ್ದಾರೆ, ಬಸ್ಸಿನ ತಗಡೆಲ್ಲ ನೀನೇ ಆಗಿಬಿಟ್ಟಿದ್ದೆ.

ನನ್ನ ಹಾಡು ಅಂತ ತಿಳಿಯಿತು. ಕೇಳಿಸಲಿಲ್ಲ. ಅಷ್ಟರಲ್ಲಿ ಕಂಡಕ್ಟರ್ ಕಡೆ ನೋಡಿದೆ. ಚಿಕ್ಕ ವಯಸ್ಸಿನವನು, ಚಿಲ್ಲರೆ ಎಣಿಸುತ್ತ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಾನೆ. ಈಗ ನಾನು ಬಾಯಿ ನೋಡಿ ಮಾತು ತಿಳಿಯುವುದನ್ನು ಕಲಿತಿದ್ದೇನೆ. ಅವನ ನಾಲಿಗೆ ಹಲ್ಲಿನ ಹಿಂದೆ ಮೇಲಕ್ಕೆ ಹೋಯಿತು. ಹೊಲ. ಹೊಲಗಾಳಿಯೇ, ಮನೆಯೊಳಗೆ ಬಾ. ಅವನಿಗೆ ಹೊಲ ಇದೆಯೋ ಇಲ್ಲವೋ, ನನ್ನ ಹೊಲದ ಗಾಳಿ ಅವನ ಬಾಯಲ್ಲಿತ್ತು.

ನನ್ನ ಹತ್ತಿರ ಬಂದು ಏನೋ ಕೇಳಿದ. ತಿಳಿಯಲಿಲ್ಲ. ಇಷ್ಟು ವರ್ಷ ಇಂಥ ಹೊತ್ತಿನಲ್ಲಿ ತಲೆ ಆಡಿಸಿ, ನಕ್ಕು, ಏನೋ ಒಂದು ಹೇಳಿ ತಪ್ಪಿಸಿಕೊಂಡಿದ್ದೇನೆ. ನಿನ್ನೆ ಹಾಗೆ ಮಾಡಲಿಲ್ಲ. "ನಂಗೆ ಕಿವಿ ಕೇಳ್ಸಾಕಿಲ್ಲ ಕಣಪ್ಪ" ಅಂದೆ, ಗಟ್ಟಿಯಾಗಿ. ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು. "ಈ ಹಾಡು ಹಾಡಿರೋನು ನಾನೇ" ಅಂದೆ.

ಅವನು ನಕ್ಕ. ನಗದೆ ಏನು ಮಾಡುತ್ತಾನೆ ಹೇಳು. ಪಕ್ಕದವನಿಗೆ ಏನೋ ಹೇಳಿದ, ಅವನೂ ನಕ್ಕ.

ಪಲ್ಲವಿಯ ಹತ್ತಿರ ಬರುತ್ತಿದ್ದೆ ನೀನು. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಕೈಗೆ ನೀನು ಸಿಕ್ಕಿದೆ. ನೀನು ತಿರುಗಿದ ಕಡೆ ಬಾಯಿ ಬಿಟ್ಟೆ. ಗಂಟಲು ಕಟ್ಟಿದೆ ಅನ್ನುವ ಸುಳ್ಳು ಇನ್ನು ಮೇಲೆ ನಡೆಯುವುದಿಲ್ಲ ಮುಜ್ಜು, ಬಸ್ಸಿನಲ್ಲಿ ಇದ್ದವರೆಲ್ಲ ಸಾಕ್ಷಿ. ಕಂಡಕ್ಟರ್ ನಗುತ್ತಿದ್ದವನು ಬಾಯಿ ಮುಚ್ಚಿದ. ಚಿಲ್ಲರೆ ಕೈಯಲ್ಲೇ ಇತ್ತು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದ. ಯಾರೂ ಅಯ್ಯೋ ಪಾಪ ಅನ್ನಲಿಲ್ಲ, ಅನ್ನುವ ಮುಖ ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು.

ಹಾಡು ಮುಗಿದ ಮೇಲೆ ಮುಂದೆ ಹೋಗಿ ಲತಾಮಣಿಯನ್ನು ಕೇಳಿದೆ, ಶ್ರುತಿಯಲ್ಲಿ ಇದ್ದೆನಾ ಅಂತ. ಸೆರಗು ಬಾಯಿಗೆ ಇಟ್ಟುಕೊಂಡು ಏನೋ ಹೇಳಿದಳು. ಬಾಯಿ ಕಾಣದೆ ಅದೇನೆಂದು ನನಗೆ ತಿಳಿಯಲಿಲ್ಲ. ಇನ್ನೊಂದು ಸಲ ಕೇಳಲಿಲ್ಲ.

ನಿನ್ನ
ಬಾಲರಾಜು